ಕಾವಲುಗಾರನ ಕಲ್ಲು

ಸುಳ್ಳು ಹುಟ್ಟಿದ್ದು ಬಾಯಾರಿಕೆಯಿಂದ. ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ, ಗುಡ್ಡ ನೋಡಲು ಬಂದವರನ್ನು ಕರೆದುಕೊಂಡು ಹೊರಟ ಗುಡ್ಡದ ಮಾವ ಏದುಸಿರು ಬಿಡುತ್ತಾ ಗುಡ್ಡದ ತುದಿ ಮುಟ್ಟಿ, ಅಲ್ಲಿದ್ದ ಓರೆ ಚಪ್ಪಡಿಯ ಮೇಲೆ ಕೂತು, ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದರು. ಅಷ್ಟರಲ್ಲಿ ಹಿಂದಿನಿಂದ ಬಂದ ಹೆಂಗಸೊಬ್ಬರು, "ಇದೇನು ಕಲ್ಲು ಸರ್?" ಎಂದು ಕೇಳಿಬಿಟ್ಟರು.

ಅದೇನು ಕಲ್ಲು ಎನ್ನುವುದು ಊರಿನಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ಮಾವನಿಗೇ. ನೀರು ಸರಬರಾಜಿನವರ ಪಂಪ್ ನಡೆಸುತ್ತಿದ್ದ ಕಾಲದಲ್ಲಿ, ಗುಡ್ಡದ ಮೇಲೂ ಒಂದು ಪಂಪ್ ಬರುತ್ತದೆಂದು ಆ ಚಪ್ಪಡಿಯನ್ನು ಮುಂದೆ ನಿಂತು ಹಾಕಿಸಿದವರು ಅವರೇ. ಅದು ಓರೆಯಾಗಿದ್ದಕ್ಕೆ ಮೇಲಿನವರಿಂದ ಬೈಸಿಕೊಂಡವರೂ ಅವರೇ. ಪಂಪ್ ಮಾತ್ರ ಬರಲೇ ಇಲ್ಲ. ಇಷ್ಟೆಲ್ಲ ಹೇಳೋಣವೆಂದರೆ ಗಂಟಲು ಒಣಗಿತ್ತು, ಮೇಲಾಗಿ ನಾಚಿಕೆ.

"ಕಾವಲುಗಾರನ ಕಲ್ಲು" ಎಂದರು ಮಾವ, ಮಾತು ಮುಗಿಸುವ ದನಿಯಲ್ಲಿ.

ಆ ಹೆಂಗಸು ಬಿಡಬೇಕಲ್ಲ! ಯಾವ ಕಾವಲುಗಾರ, ಏನಾಯಿತು ಅವನಿಗೆ ಎಂದು ಪಟ್ಟು ಹಿಡಿದರು. ಮಾವನ ಬಾಯಿಂದ ತಾನಾಗಿ ಬಂದುಬಿಟ್ಟಿತು: ಶತ್ರುಗಳು ಊರನ್ನು ಮುತ್ತಿದ ಕಾಲದಲ್ಲಿ ಒಬ್ಬ ಕಾವಲುಗಾರ ಇಲ್ಲಿ ದೀಪ ಹಿಡಿದು ಕೂತಿದ್ದ. ಬೆಳಗಾದರೆ ಅವನ ಬದಲಿಗೆ ಇನ್ನೊಬ್ಬ ಬರಬೇಕಿತ್ತು. ಬರಲಿಲ್ಲ. ಬದಲಿ ಬರದೆ ಜಾಗ ಬಿಡುವಂತಿಲ್ಲವೆಂದು ಅವನು ಕೂತೇ ಇದ್ದ, ಕೊನೆಯ ಉಸಿರಿನ ತನಕ.

ಹೆಂಗಸು ಕಣ್ಣೊರೆಸಿಕೊಂಡರು. ಮಾವ ನೀರು ಕುಡಿದರು. ಅಲ್ಲಿಗೆ ಮುಗಿದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಮುಂದಿನ ವಾರ ಬಂದವರು ಗುಡ್ಡ ಹತ್ತುವ ಮೊದಲೇ "ಆ ಕಲ್ಲು ತೋರಿಸ್ತೀರಾ?" ಎಂದರು. ಉದ್ಯಾನ ಕಚೇರಿಯವರು ಸಾರ್ವಜನಿಕರಿಗೆಂದು ನಡೆಸುವ ಉಚಿತ ನಡಿಗೆ ಅದು. ಮರ ಗಿಡ, ಹಕ್ಕಿ, ಹಳೆಯ ಕೋಟೆಗೋಡೆ, ಎಲ್ಲವನ್ನೂ ಮಾವ ತೋರಿಸುತ್ತಿದ್ದರು. ಗೋಡೆ ನಿಜವಾದದ್ದು, ಹಕ್ಕಿಗಳು ನಿಜವಾದವು. ಅವುಗಳ ಮುಂದೆ ಜನ ಆಕಳಿಸುತ್ತಿದ್ದರು. ಸುಳ್ಳು ಕಲ್ಲಿನ ಮುಂದೆ ಮಾತ್ರ ಚಪ್ಪಲಿ ಬಿಟ್ಟು ನಿಲ್ಲುತ್ತಿದ್ದರು.

ಈ ಕೆಲಸಕ್ಕೆ ಸಂಬಳವಿಲ್ಲ. ಕಚೇರಿಯವರು ಕೊಟ್ಟದ್ದು ಒಂದು ಹಸಿರು ಟೋಪಿ, ಒಂದು ಸೀಟಿ. ಆದರೆ ಹೆಂಡತಿ ತೀರಿಕೊಂಡ ಮೇಲೆ ವಾರವಿಡೀ ಮಾವ ಆಡುತ್ತಿದ್ದ ಮಾತು ಜೊತೆಗಿದ್ದ ತಂಗಿಯ ಹತ್ತಿರ ಮಾತ್ರ. ಅದೂ ಊಟ ಆಯ್ತಾ, ಗ್ಯಾಸ್ ಆಫ್ ಮಾಡಿದ್ಯಾ ಎನ್ನುವಷ್ಟು. ಭಾನುವಾರ ಆ ಟೋಪಿ ತಲೆಗೇರಿದರೆ ಸಾಕು, ಅಷ್ಟು ಜನ ಅವರ ಬಾಯನ್ನೇ ನೋಡುತ್ತಾ ನಿಲ್ಲುತ್ತಿದ್ದರು. ಟೋಪಿ ಹೋದರೆ ಬದುಕಿನಲ್ಲಿ ಉಳಿಯುವುದು ಗ್ಯಾಸ್ ಆಫ್ ಮಾಡುವುದೊಂದೇ ಎಂದು ಮಾವನಿಗೆ ಚೆನ್ನಾಗಿ ಗೊತ್ತಿತ್ತು.

ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ಟೈಲರ್ ಬಾಗಿಲಲ್ಲಿ ಪ್ರತ್ಯಕ್ಷನಾದ. ಕೊರಳಲ್ಲಿ ಅಳತೆಯ ಟೇಪು ಯಾವಾಗಲೂ ಇರಲೇಬೇಕು. ಒಂದು ವಾರವೂ ನಡಿಗೆ ತಪ್ಪಿಸದವನು, ಮಾವ ಎಲ್ಲಿ ಕೆಮ್ಮುತ್ತಾರೆ ಎನ್ನುವುದು ಕೂಡ ಅವನಿಗೆ ಬಾಯಿಪಾಠ.

"ಮಾವ, ಖುಷಿ ಸುದ್ದಿ! ಉದ್ಯಾನ ಕಚೇರಿಗೆ ಹೊಸ ಮೇಡಂ ಬಂದಿದಾರಲ್ಲ, ಇತಿಹಾಸ ಓದಿದವರು, ಅವರು ಇವತ್ತು ನಮ್ಮ ಜೊತೆ ಬರ್ತಾರೆ. ನಾನೇ ಹೋಗಿ ಕಲ್ಲಿನ ವಿಷಯ ಹೇಳಿದ್ದು. ನೋಡಿ ಸರಿ ಅನ್ನಿಸಿದ್ರೆ ಅಲ್ಲೇ ಫಲಕ ಹಾಕಿಸ್ತಾರಂತೆ."

"ಸರಿ ಅನ್ನಿಸದಿದ್ರೆ?"

"ತಪ್ಪು ಇತಿಹಾಸ ಹೇಳೋರ ಟೋಪಿ ವಾಪಸ್ ತಗೋತಾರಂತೆ. ನಿಮಗೇನು ಭಯ ಬಿಡಿ!"

ಮಾವ ಗೂಟದಲ್ಲಿದ್ದ ಟೋಪಿಯತ್ತ ನೋಡಿದರು. "ಫಲಕದ ಮೇಲೆ ಅಣ್ಣನ ಹೆಸರೂ ಇರುತ್ತಾ?" ಎಂದು ತಂಗಿ ಆಗಲೇ ಹೊಸ ಸೀರೆ ತೆಗೆಯಲು ಒಳಗೆ ಓಡಿದ್ದಳು. ಅಣ್ಣನ ನಡಿಗೆಗೆ ಅವಳು ಬರುತ್ತಿದ್ದುದು ಅದೇ ಮೊದಲು.

ದಾರಿಯಲ್ಲಿ ಮಾವ ಒಂದು ಉಪಾಯ ಹೂಡಿದರು. ಕಲ್ಲಿನ ಹತ್ತಿರ ಹೋಗದೇ ಇದ್ದರಾಯಿತು! ಗುಡ್ಡದ ಬುಡದಲ್ಲಿ ಎಂದಿನ ದಾರಿ ಬಿಟ್ಟು ಎಡಕ್ಕೆ, ಮುಳ್ಳುಪೊದೆಗಳ ಕಡೆ ತಿರುಗಿದರು.

"ಮಾವ, ದಾರಿ ತಪ್ಪಿತು!" ಟೈಲರ್ ಹಿಂದಿನಿಂದ ಕೂಗಿದ. "ಕಲ್ಲು ಆ ಕಡೆ!"

"ಇಲ್ಲೊಂದು ಅಪರೂಪದ ಹಕ್ಕಿ ಇದೆ."

ಅಪರೂಪದ ಹಕ್ಕಿ ಕಾಗೆಯಾಗಿತ್ತು. ಮಾವ ಕಾಗೆಯ ಬಗ್ಗೆ ಎಷ್ಟು ಹೊತ್ತು ಮಾತಾಡಿದರೆಂದರೆ, ಕಾಗೆಯೇ ಬೇಸತ್ತು ಹಾರಿಹೋಯಿತು. ತಂಗಿಯ ಹೊಸ ಸೀರೆ ಮುಳ್ಳಿಗೆ ಸಿಕ್ಕಿತು. ಮೇಡಂ ಮುಖದಲ್ಲಿ ನಗುವಿಲ್ಲ, ಸಿಟ್ಟೂ ಇಲ್ಲ, ಗಡಿಯಾರ ನೋಡಿಕೊಂಡು, "ಆ ಕಲ್ಲು ನೋಡೋಣ್ವಾ ಸರ್?" ಎಂದರು.

ಬೇರೆ ದಾರಿ ಕಾಣದೆ ಮಾವ "ಅಯ್ಯೋ!" ಎಂದು ಕುಸಿದು ಕೂತರು. "ಕಾಲು ಉಳುಕಿತು. ಇನ್ನು ಮೇಲೆ ಹತ್ತೋಕಾಗಲ್ಲ. ಎಲ್ಲರೂ ವಾಪಸ್ ಹೋಗೋಣ."

"ಛೆ ಛೆ! ಇಂಥ ದಿನ ವಾಪಸ್ ಹೋಗೋದಾ?" ಎಂದ ಟೈಲರ್. ಗುಂಪಿನಲ್ಲಿದ್ದ ಒಬ್ಬ ಗಟ್ಟಿಮುಟ್ಟಾದ ಆಳನ್ನು ಕರೆದ. ಮಾವ ಬೇಡ ಬೇಡ ಎನ್ನುತ್ತಿದ್ದಂತೆಯೇ ಇಬ್ಬರೂ ಕೈಗೆ ಕೈ ಹೆಣೆದು, ಅವರನ್ನು ಎತ್ತಿ ಕೂರಿಸಿಕೊಂಡು ಗುಡ್ಡ ಹತ್ತಿಸಿದರು. ತಂದು ನೇರವಾಗಿ ಇಳಿಸಿದ್ದು ಆ ಕಲ್ಲಿನ ಮೇಲೆಯೇ.

ಜನ ಚಪ್ಪಲಿ ಬಿಟ್ಟು ಸುತ್ತ ನಿಂತರು. ಮಾವನ ಬಾಯಿಂದ ಮಾತು ಹೊರಡದಿದ್ದಾಗ, "ಪಾಪ, ನೋವಿದೆ ಅವರಿಗೆ. ನಾನು ಹೇಳ್ತೀನಿ" ಎಂದು ಟೈಲರ್ ಮುಂದೆ ಬಂದ. ಅವನ ಬಾಯಲ್ಲಿ ಕಾವಲುಗಾರನಿಗೆ ಒಬ್ಬ ಮುದಿ ತಾಯಿ ಹುಟ್ಟಿದ್ದಳು. ಅವಳು ಗುಡ್ಡದ ಬುಡದಿಂದ ಮಗನ ದೀಪ ನೋಡುತ್ತಿದ್ದಳು. "ಬದಲಿ ಮಾತ್ರ ಬರಲೇ ಇಲ್ಲ" ಎಂದು ಅವನು ದನಿ ಇಳಿಸಿದಾಗ ತಂಗಿ ಸೆರಗು ಕಣ್ಣಿಗೆ ಒತ್ತಿಕೊಂಡಳು.

ಮೇಡಂ ಮಂಡಿಯೂರಿ ಕಲ್ಲಿನ ಮೂಲೆಗಳನ್ನು ಸವರಿದರು. "ನಾಲ್ಕೂ ಮೂಲೇಲಿ ತೂತುಗಳಿವೆ!"

"ದೀಪದ ಕಾಲು ನಿಲ್ಲಿಸೋಕೆ ಮೇಡಂ" ಎಂದ ಟೈಲರ್, ಒಂದು ಕ್ಷಣವೂ ತಡವರಿಸದೆ. ಟೇಪು ತೆಗೆದು ಅಳೆದೂ ಕೊಟ್ಟ.

ಅವು ಪಂಪಿನ ಬೋಲ್ಟಿನ ತೂತುಗಳು. ಮಾವ ಸುತ್ತಲೂ ನೋಡಿದರು. ಕೆಳಗೆ, ಯಾರೂ ತಿರುಗಿ ನೋಡದ ನಿಜವಾದ ಕೋಟೆಗೋಡೆ ಬಿಸಿಲಲ್ಲಿ ನಿಂತಿತ್ತು. ಅದನ್ನು ಕಟ್ಟಿದವರಿಗೆ ಮೋಸ ಮಾಡಿದೆ ಅನ್ನಿಸಿತು ಅವರಿಗೆ. ಬಾಯಲ್ಲಿ ಹೇಳುವ ಸುಳ್ಳು ಗಾಳಿಗೆ ಹೋಗುತ್ತದೆ, ಫಲಕಕ್ಕೆ ಏರಿದ್ದು ಹೋಗುವುದಿಲ್ಲ. ಟೋಪಿ ಹೋದರೆ ಹೋಗಲಿ ಎಂದುಕೊಂಡು ಬಾಯಿಬಿಟ್ಟರು.

"ಮೇಡಂ, ಕ್ಷಮಿಸಿ. ಇದೆಲ್ಲ ಸುಳ್ಳು. ಈ ಕಲ್ಲು ನಾನೇ ಹಾಕಿಸಿದ್ದು, ಪಂಪಿಗೆ ಅಂತ."

ಟೈಲರ್, "ನೋವು ತಲೆಗೇರಿದೆ" ಎಂದು ಪಿಸುಗುಟ್ಟಿದ.

"ತಲೆಗೇನೂ ಏರಿಲ್ಲ ಕಣಯ್ಯಾ! ಕಲ್ಲಿನ ಅಡಿಯಲ್ಲಿ ನಮ್ಮ ನೀರು ಸರಬರಾಜಿನ ಗುರುತು ಕೆತ್ತಿದೆ. ಎಲ್ಲರೂ ಕೈಹಾಕಿ, ಎತ್ತಿ ತೋರಿಸ್ತೀನಿ!" ಮಾವ ಚಂಗನೆ ಎದ್ದು ಪಂಚೆ ಮೇಲೆ ಕಟ್ಟಿದರು.

"ಅರೆ, ಕಾಲು ಸರಿಹೋಯ್ತಾ?" ಎಂದಿತು ಗುಂಪಿನಿಂದ ಒಂದು ದನಿ.

ಎಲ್ಲರೂ ಮಾವನ ಕಾಲನ್ನೇ ನೋಡಿದರು. ಹೊತ್ತು ತಂದ ಗಟ್ಟಿಮುಟ್ಟಾದ ಆಳು ತನ್ನ ಸೊಂಟ ಹಿಡಿದುಕೊಂಡು, ಉಳಿದವರಿಗಿಂತ ತುಸು ಹೆಚ್ಚು ಹೊತ್ತೇ ನೋಡಿದ.

"ಉಳುಕಿದ್ದು... ಅದೂ ಸುಳ್ಳೇ" ಎಂದರು ಮಾವ ಸಣ್ಣ ದನಿಯಲ್ಲಿ.

"ಬೆಳಿಗ್ಗೆಯಿಂದ ಇಲ್ಲಿಗೆ ಬರೋದು ತಪ್ಪಿಸ್ತಾನೇ ಇದ್ರಿ" ಎಂದರು ಮೇಡಂ. "ಕಾಗೆ, ಕಾಲು, ಈಗ ಪಂಪು. ಇದರಲ್ಲಿ ಯಾವುದನ್ನ ನಂಬಲಿ ಸರ್? ಇಲ್ಲಿ ಯಾವತ್ತಾದ್ರೂ ಪಂಪ್ ಇತ್ತಾ?"

"ಪಂಪ್ ಬರಲೇ ಇಲ್ಲ ಮೇಡಂ."

"ಕೇಳಿದ್ರಲ್ಲ" ಎಂದರು ಮೇಡಂ, ಗುಂಪಿನ ಕಡೆ ತಿರುಗಿ.

"ನಮ್ಮಣ್ಣ ಎಲ್ಲಿ ಕಲ್ಲು ಹಾಕ್ಸೋದು?" ಎಂದಳು ತಂಗಿ, ಅಣ್ಣನನ್ನು ಕಾಪಾಡುವ ಹುಮ್ಮಸ್ಸಿನಲ್ಲಿ. "ಮನೇಲಿ ಒಂದು ನಲ್ಲಿ ನೆಟ್ಟಗೆ ಹಾಕೋಕೆ ಬರಲ್ಲ."

"ಇದೂ ನೆಟ್ಟಗಿಲ್ಲವಲ್ಲೇ!" ಮಾವ ಗೋಗರೆದರು. "ಎತ್ತಿ ನೋಡಿ, ಒಂದೇ ಒಂದು ಸಲ!"

"ಸ್ಮಾರಕ ಅಲುಗಾಡಿಸೋ ಹಾಗಿಲ್ಲ" ಎಂದು ಮೇಡಂ ಎದ್ದು ನಿಂತರು. ದನಿಯಲ್ಲಿ ಕೋಪಕ್ಕಿಂತ ಮರುಕವೇ ಹೆಚ್ಚಿತ್ತು. "ನಿಮಗೆ ವಯಸ್ಸಾಯ್ತು ಸರ್. ಪ್ರಾಣ ಬಿಟ್ಟವನ ಕಲ್ಲನ್ನ ನಂದು ಅನ್ನೋದು ಸರಿಯಲ್ಲ. ಆ ಟೋಪಿ ಕೊಡಿ."

ಮಾವ ಟೋಪಿ ತೆಗೆದರು. ಸೀಟಿಯನ್ನೂ ಕೊಟ್ಟರು. ಟೋಪಿ ಟೈಲರ್‌ನ ತಲೆಗೇರಿತು. ಅವನು ನಾಚಿಕೆಯಿಂದ ನೆಲ ನೋಡಿದ, ನಿಜ. ಆದರೆ ಎರಡು ಬೆರಳಲ್ಲಿ ಅಂಚು ಎಳೆದು ನೋಡುವುದನ್ನೂ ಬಿಡಲಿಲ್ಲ. "ಸ್ವಲ್ಪ ಸಡಿಲ. ಎರಡು ಹೊಲಿಗೆ ಹಾಕಿದ್ರೆ ಸರಿಹೋಗುತ್ತೆ" ಎಂದ. ಆಮೇಲೆ ಸೀಟಿ ಊದಿ ಜನರನ್ನು ಕರೆದುಕೊಂಡು ಇಳಿಯತೊಡಗಿದ. ಕೋಟೆಗೋಡೆಯ ಹತ್ತಿರ ಅವರು ಯಾರೂ ನಿಲ್ಲಲಿಲ್ಲ.

ಮಾವ ಮತ್ತೆ ಓರೆ ಕಲ್ಲಿನ ಮೇಲೆ ಕೂತರು, ಕೂತೇ ಇದ್ದರು. ಅವರಿಗೆ ಅಳು ಬಂದಿತ್ತು. ಅವಮಾನಕ್ಕಲ್ಲ, ಮುಂದಿನ ಭಾನುವಾರದ ಬೆಳಗನ್ನು ನೆನೆದು. ತಂಗಿ ಹರಿದ ಸೀರೆಯ ಅಂಚು ಮಡಚಿಕೊಂಡು ಪಕ್ಕದಲ್ಲಿ ಕೂತು ನೀರಿನ ಬಾಟಲಿ ಚಾಚಿದಳು. ಅವಳ ಕಣ್ಣು ಇನ್ನೂ ಒದ್ದೆಯಾಗಿತ್ತು.

"ಅಲ್ಲಣ್ಣ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಆ ಕಾವಲುಗಾರನ ಬದಲಿಗೆ ಯಾರೂ ಬರಲೇ ಇಲ್ವಾ?"

ಕೆಳಗೆ ತಿರುವಿನಲ್ಲಿ ಹಸಿರು ಟೋಪಿ ಒಮ್ಮೆ ಕಂಡು ಮರೆಯಾಯಿತು. ಮಾವ ನೀರು ಕುಡಿದು, ಮುಚ್ಚಳ ತಿರುಗಿಸಿದರು.

"ಬಂದ ಕಣೇ" ಎಂದರು. "ಇವತ್ತು ಬಂದ."