ಲೇಡೀಸ್ ಡಬ್ಬಿಯಲ್ಲಿ ಅಕ್ಕನ ಸೀಟು

ಪ್ರತಿ ಮನೆಯಲ್ಲೂ ಚೀಲ ಕಾಯುವುದಕ್ಕೆಂದೇ ಒಬ್ಬರು ಇರುತ್ತಾರೆ. ಅವರನ್ನು ಯಾರೂ ಆ ಕೆಲಸಕ್ಕೆ ನೇಮಿಸಿರುವುದಿಲ್ಲ, ಅವರೂ ಅರ್ಜಿ ಹಾಕಿರುವುದಿಲ್ಲ. ಸಂತೆಗೆ ಹೋಗಲಿ, ಮದುವೆಗೆ ಹೋಗಲಿ, ಬಸ್ಸಿನಿಂದ ಇಳಿದ ಕೂಡಲೇ ಉಳಿದವರೆಲ್ಲ ಕೈಯಲ್ಲಿದ್ದುದನ್ನು ಒಂದು ಕಡೆ ಗುಡ್ಡೆ ಹಾಕುತ್ತಾರೆ. ಆ ಗುಡ್ಡೆಯ ಪಕ್ಕದಲ್ಲಿ ಇವರು ತಾವಾಗಿಯೇ ಕೂತುಬಿಡುತ್ತಾರೆ. ನಮ್ಮ ಮನೆಯಲ್ಲಿ ಆ ಜಾಗ ನನ್ನ ಅಕ್ಕ ಗೌರವ್ವನದು. ಒಮ್ಮೆ ಹುಲಗೂರಿನ ದರ್ಗಾಕ್ಕೆ ಉರುಸಿಗೆಂದು ಹೋದಾಗ ನಾವೆಲ್ಲ ಒಳಗೆ ಹೋಗಿ ಹರಕೆಯ ಸಕ್ಕರೆ ಓದಿಸಿಕೊಂಡು, ಬಳೆ ಅಂಗಡಿಗಳನ್ನು ಸುತ್ತಿ, ತಿರುಗುವ ತೊಟ್ಟಿಲು ಆಡಿ ಬಂದೆವು. ಅಕ್ಕ ಏಳು ಜೊತೆ ಚಪ್ಪಲಿ, ಎರಡು ಬುತ್ತಿಗಂಟು ಮತ್ತು ಕಡ್ಡಿ ಮುರಿದ ಒಂದು ಛತ್ರಿಯನ್ನು ಬೇವಿನ ಮರದ ಕೆಳಗೆ ಕಾಯುತ್ತ ಕೂತಿದ್ದಳು. "ಚಲೋ ಇತ್ತೇನು?" ಎಂದು ಕೇಳಿದಳು. ಚಲೋ ಇತ್ತು ಎಂದೆವು. ಅವಳ ಉರುಸು ಅಲ್ಲಿಗೆ ಮುಗಿಯಿತು.

ನಾನು ಅವಳ ತಮ್ಮ. ಏಳನೆಯ ಇಯತ್ತೆವರೆಗೆ ಓದಿದ್ದೇನೆ, ಅಕ್ಕಿಆಲೂರಿನಲ್ಲಿ ಒಂದು ಅಕ್ಕಿ ಗಿರಣಿಯ ಮಷಿನ್ನು ನೋಡಿಕೊಳ್ಳುತ್ತೇನೆ. ನನಗೆ ತಿಳಿಯದ ವಿಷಯಗಳು ಬಹಳ ಇವೆ. ಆದರೆ ತಿಳಿಯದಿರುವಾಗ ತಿಳಿದವನ ಹಾಗೆ ನಡೆದುಕೊಳ್ಳುವುದು ಹೇಗೆ ಎಂಬುದು ಚೆನ್ನಾಗಿ ತಿಳಿದಿದೆ. ಈ ಒಂದು ಗುಣದಿಂದ ಊರಲ್ಲಿ ನನಗೆ ಸಾಕಷ್ಟು ಹೆಸರಿದೆ. ಹಾನಗಲ್ಲಿನ ಕಚೇರಿಗಳಿಗೆ ಹೋಗುವವರು ನನ್ನನ್ನು ಜೊತೆಗೆ ಕರೆದುಕೊಂಡು ಹೋಗುತ್ತಾರೆ. ಅಲ್ಲಿ ನಾನು ಏನೂ ಮಾಡುವುದಿಲ್ಲ, ಜೇಬಿಗೆ ಪೆನ್ನು ಸಿಕ್ಕಿಸಿಕೊಂಡು ಪಕ್ಕದಲ್ಲಿ ನಿಲ್ಲುತ್ತೇನೆ. ಕೆಲಸ ಆದರೆ ನನ್ನಿಂದ ಆಯಿತು ಎನ್ನುತ್ತಾರೆ, ಆಗದಿದ್ದರೆ ಸರಕಾರವನ್ನು ಬೈಯುತ್ತಾರೆ.

ಹೋದ ವರ್ಷ ಭತ್ತದ ಕೊಯ್ಲಿನ ಹೊತ್ತಿಗೆ ಅಕ್ಕನ ಮಗಳು ಶೈಲಾಳಿಗೆ ದಿನ ತುಂಬುತ್ತ ಬಂತು. ಅವಳ ಗಂಡ ಸೈನ್ಯದಲ್ಲಿದ್ದಾನೆ, ಜೋಧಪುರದಲ್ಲಿ. ಡಾಕ್ಟರು ಪ್ರಯಾಣ ಬೇಡವೆಂದದ್ದರಿಂದ ಮಗಳು ತವರಿಗೆ ಬರುವ ಬದಲು ತವರೇ ಮಗಳ ಹತ್ತಿರ ಹೋಗಬೇಕಾಯಿತು. ಭಾವ ಕೊಯ್ಲು ಬಿಟ್ಟು ಏಳುವಂತಿರಲಿಲ್ಲ. ಅಕ್ಕನ ಜೊತೆಗೆ ತಿಳಿವಳಿಕೆ ಇದ್ದವರು ಒಬ್ಬರು ಬೇಕೆಂದಾಗ ಎಲ್ಲರೂ ನನ್ನ ಕಡೆ ನೋಡಿದರು. ನಾನೂ ನನ್ನ ಕಡೆಗೇ ನೋಡಿಕೊಂಡೆ. ಅಳಿಯ ಟಿಕೆಟ್ ಕಳಿಸಿದ: ಹುಬ್ಬಳ್ಳಿಯಿಂದ ಮುಂಬೈಗೆ ಒಂದು ವಿಮಾನ, ಅಲ್ಲಿ ಒಂಬತ್ತು ತಾಸು ಕಾಯುವುದು, ಆಮೇಲೆ ಜೋಧಪುರಕ್ಕೆ ಇನ್ನೊಂದು.

"ಇಮಾನ ಯಾಕಪಾ? ರೈಲಿನ್ಯಾಗ ಹೋಗೂಣು" ಎಂದಳು ಅಕ್ಕ. "ನಾ ಒಮ್ಮೆರ ರೈಲು ಹತ್ತೇನೇನು?"

ಮಾತು ನಿಜ. ನಮ್ಮ ಹಾನಗಲ್ ತಾಲೂಕಿನಲ್ಲಿ ರೈಲಿನ ಹಳಿ ಇಲ್ಲ. ಹುಟ್ಟಿದ ಊರಲ್ಲೇ ಮದುವೆಯಾದ ಅಕ್ಕನಿಗೆ ಬಸ್ಸು ದಾಟಿ ಮುಂದೆ ಹೋಗುವ ಪ್ರಸಂಗವೇ ಬಂದಿರಲಿಲ್ಲ. ಆದರೆ ರೈಲು ಜೋಧಪುರ ಮುಟ್ಟುವವರೆಗೆ ಹುಟ್ಟಬೇಕಾದದ್ದು ಕಾಯಬೇಕಲ್ಲ! ನಾನು ಧೈರ್ಯವಾಗಿ ಹೇಳಿದೆ: "ಮುಂಬೈದಾಗ ಒಂಬತ್ತು ತಾಸು ಐತಕ್ಕ. ಅಲ್ಲೆ ಎಲ್ಲಿ ನೋಡಿದ್ರೂ ರೈಲ. ನಿನ್ನ ಕುಂದ್ರಿಸಿಕೊಂಡು ಹೋಗಿ ಸಮುದ್ರ ತೋರಿಸಿಕೊಂಡು ಬರ್ತೇನಿ." ಅಕ್ಕ ಇದನ್ನು ಓಣಿಯ ತುಂಬ ಹೇಳಿಕೊಂಡು ಬಂದಳು. ಜೋಧಪುರದ ಸುದ್ದಿ ಹಿಂದೆ ಬಿತ್ತು, ಮುಂಬೈ ರೈಲಿನ ಸುದ್ದಿ ಮುಂದೆ ಬಂತು.

ಹೊರಡುವ ಹಿಂದಿನ ದಿನ ಶೈಲಾ ಫೋನು ಮಾಡಿ, "ಮಾಮಾ, ಹೆಗಲಿಗೆ ಟಾವೆಲ್ಲು ಹಾಕ್ಕೊಂಡು ಇಮಾನ ಹತ್ತಬ್ಯಾಡ್ರಿ, ಇಲ್ಲೆ ಎಲ್ಲಾರೂ ನಗತಾರ" ಎಂದಳು. ಹೀಗಾಗಿ ಮೂವತ್ತು ವರ್ಷದಲ್ಲಿ ಮೊದಲ ಸಲ ನಾನು ಟವೆಲ್ ಇಲ್ಲದೆ ಊರು ಬಿಟ್ಟೆ. ಕೈಯಲ್ಲಿ ಇದ್ದದ್ದು ಒಂದು ಪ್ಲಾಸ್ಟಿಕ್ ಫೈಲು ಮಾತ್ರ. ಅದರಲ್ಲಿ ಇಬ್ಬರ ಟಿಕೆಟ್ಟು, ಇಬ್ಬರ ಆಧಾರ್ ಕಾರ್ಡು. ದೊಡ್ಡ ಗಂಟುಗಳೆಲ್ಲ ಹುಬ್ಬಳ್ಳಿಯ ಏರ್‌ಪೋರ್ಟಿನಿಂದಲೇ ನೇರ ಜೋಧಪುರದ ದಾರಿ ಹಿಡಿದವು. ಅಕ್ಕ ದಾರಿಯ ರೊಟ್ಟಿ ಬುತ್ತಿಯ ಜೊತೆಗೆ, ಬಾಣಂತಿಗೆಂದು ಕಟ್ಟಿದ ಅಂಟಿನುಂಡೆಗಳನ್ನಿಟ್ಟ ಚೀಲವನ್ನು ಮಾತ್ರ ಯಾರ ಕೈಗೂ ಕೊಡಲಿಲ್ಲ. ತಕ್ಕಡಿಯ ಹತ್ತಿರ ನಿಂತಿದ್ದ ಹುಡುಗಿಗೆ, "ಇದು ನನ್ನ ಮಗಳ ನಡಾ ಗಟ್ಟಿ ಆಗೂ ಉಂಡಿ ಐತವ್ವಾ, ನಾ ತೊಡಿಮ್ಯಾಲ ಇಟ್ಕೋತೇನಿ" ಎಂದಳು. ಹುಡುಗಿ ಒಪ್ಪಿದಳು.

ಬೆಳಿಗ್ಗೆ ಎಂಟೂವರೆಗೆ ಮುಂಬೈಯಲ್ಲಿ ಇಳಿದೆವು. ಮುಂದಿನ ವಿಮಾನ ಸಂಜೆ ಐದೂವರೆಗೆ. ಸಮವಸ್ತ್ರದವರೊಬ್ಬರನ್ನು ಕೇಳಿದೆ, ಟಿಕೆಟ್ಟು, ಕಾರ್ಡು ಇದ್ದರೆ ಹೊರಗೆ ಹೋಗಿ ಬರಬಹುದು ಎಂದರು. ಅಲ್ಲಿಯವರೆಗೆ ನನ್ನ ಮನಸ್ಸಿನಲ್ಲಿ ಯಾವ ಮೋಸವೂ ಇರಲಿಲ್ಲ. ಆದರೆ ಅಷ್ಟರಲ್ಲಿ ಅಕ್ಕ ತಾನಾಗಿ ಚಲಿಸುವ ಮೆಟ್ಟಿಲಿನ ಎದುರು ನಿಂತು, ಅದಕ್ಕೊಂದು ನಮಸ್ಕಾರ ಮಾಡಿ, ಪಕ್ಕದ ನಿಂತ ಮೆಟ್ಟಿಲುಗಳನ್ನು ಒಂದೊಂದಾಗಿ ಏರಿ ಬರಲು ಕಾಲು ಗಂಟೆ ತೆಗೆದುಕೊಂಡಳು. ನಾನು ಮೇಲೆ ನಿಂತು ಲೆಕ್ಕ ಹಾಕಿದೆ. ಈ ಮೊಣಕಾಲು, ಈ ಚೀಲ, ಕಂಡಕಂಡದ್ದಕ್ಕೆಲ್ಲ ನಿಲ್ಲುವ ಈ ಸ್ವಭಾವ. ಇವಳ ಜೊತೆ ಹೊರಟರೆ ಸ್ಟೇಷನ್ನಿನ ಬಾಗಿಲು ನೋಡಿ ವಾಪಸು ಬರಬೇಕಾಗುತ್ತದೆ. ಸಮುದ್ರ ನನ್ನ ಕೈತಪ್ಪುತ್ತದೆ. ಅಕ್ಕ ಮೇಲೆ ಬಂದು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ನನ್ನ ಬಾಯಿ ಮಾತಾಡಿಬಿಟ್ಟಿತ್ತು.

"ಅಕ್ಕಾ, ಟಿಕೀಟಿಂದು ಒಂದೀಟು ಕೆಲಸ ಐತಂತ. ನಾಕೈದು ಕಡೆ ತಿರುಗಾಡಬೇಕು. ನೀ ಚೀಲ ನೋಡ್ಕೋತ ಕುಂದ್ರು."

"ರೈಲು?"

"ಟೈಮ್ ಉಳದ್ರ ಹೋಗೂಣು."

"ಆತು ತಮ್ಮಾ. ನೀ ಗಡಿಬಿಡಿ ಮಾಡಬ್ಯಾಡ, ಕೆಲಸ ಮುಖ್ಯ" ಎಂದಳು. ಅಷ್ಟು ಹೇಳುವಷ್ಟರಲ್ಲಿ ಅವಳು ಕೂತೂ ಆಗಿತ್ತು.

ನಾನು ಆಟೋ ಹಿಡಿದು ಅಂಧೇರಿ ಸ್ಟೇಷನ್ನಿಗೆ ಹೋದೆ, ಚರ್ಚ್‌ಗೇಟಿಗೆ ಟಿಕೆಟ್ ತೆಗೆಸಿದೆ. ಮುಂಬೈಯ ಲೋಕಲ್ ರೈಲಿಗೆ ಹತ್ತುವುದು ಕಷ್ಟವೆಂದು ಹೇಳುತ್ತಾರೆ. ನನಗೇನೂ ಕಷ್ಟವಾಗಲಿಲ್ಲ, ಏಕೆಂದರೆ ಹತ್ತಿದ್ದು ನಾನಲ್ಲ. ಬಾಗಿಲಿನ ಎದುರು ನಿಂತಿದ್ದೆ, ಹಿಂದಿನವರು ಹತ್ತಿಸಿದರು. ದಾದರಿನಲ್ಲಿ ನನ್ನನ್ನು ಇಳಿಸಿ, ನಾನು ಬೇಡವೆಂದ ಮೇಲೆ ಮತ್ತೆ ಹತ್ತಿಸಿದರು. ಚರ್ಚ್‌ಗೇಟಿನಲ್ಲಿ ಇಳಿದು ಐದು ನಿಮಿಷ ನಡೆದರೆ ಸಮುದ್ರ. ನಮ್ಮ ಹಾನಗಲ್ಲಿನ ಆನೆಕೆರೆಗಿಂತ ದೊಡ್ಡ ನೀರು ಜಗತ್ತಿನಲ್ಲಿ ಇರಲಾರದು ಎಂದು ನಾನು ಹಿಂದೆ ಕೆಲವರ ಜೊತೆ ಜಗಳವಾಡಿದ್ದೇನೆ. ಆ ಮಾತನ್ನು ಈಗ ವಾಪಸು ತೆಗೆದುಕೊಳ್ಳುತ್ತೇನೆ. ಕಟ್ಟೆಯ ಮೇಲೆ ಕೂತು ವಡಾಪಾವು ತಿಂದೆ, ಗಾಳಿಗೆ ಕೂದಲು ಬಿಟ್ಟೆ, ಇರುವಷ್ಟು. ಅಕ್ಕನನ್ನು ಬಿಟ್ಟು ಬಂದವನಿಗೆ ಸಮುದ್ರ ಸಪ್ಪೆಯಾಗಿ ಕಾಣಬೇಕಿತ್ತು. ಖರೆ ಹೇಳುತ್ತೇನೆ, ಬಹಳ ಚೆನ್ನಾಗಿತ್ತು.

ಎರಡು ಗಂಟೆಗೆ ವಾಪಸು ಚರ್ಚ್‌ಗೇಟಿಗೆ ಬಂದೆ. ಅಂಧೇರಿ ಕಡೆಯ ರೈಲು ಬಂದು ನಿಲ್ಲುವ ಮೊದಲೇ ಜನ ಹಾರಿ ಹತ್ತುತ್ತಿದ್ದರು. ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿಯನ್ನು ಹೇಳಬೇಕು. ಬಸ್ಸಿಗೆ ಗದ್ದಲವಿದ್ದರೆ ನಾವು ಬಾಗಿಲಿಗೆ ಹೋಗಿ ಗುದ್ದಾಡುವುದಿಲ್ಲ. ಹೊರಗಿನಿಂದಲೇ ಕಿಟಕಿಯಲ್ಲಿ ಟವೆಲ್ ತೂರಿಸಿ ಸೀಟಿನ ಮೇಲೆ ಹಾಕಿದರೆ ಆ ಸೀಟು ನಮ್ಮದು. ಸವಣೂರು, ಶಿಗ್ಗಾವಿ, ಹಿರೇಕೆರೂರು, ಎಲ್ಲಿಗೆ ಬೇಕಾದರೂ ಹೋಗಿ ನೋಡಿ, ಟವೆಲ್ ಸರಿಸಿ ಕೂಡುವ ಗಂಡಸು ಸಿಗುವುದಿಲ್ಲ. ನನ್ನ ಎದುರಿಗೆ ಒಂದು ಡಬ್ಬಿ ಇತ್ತು, ಅದರ ಕಿಟಕಿಯ ಹತ್ತಿರ ಸೀಟು ಖಾಲಿ ಇತ್ತು. ಕೈ ಹೆಗಲಿಗೆ ಹೋಯಿತು. ಟವೆಲ್ ಇರಲಿಲ್ಲ. ಮೂವತ್ತು ವರ್ಷದ ರೂಢಿಯ ಕೈ ಒಂದು ಕ್ಷಣವೂ ತಡೆಯದೆ ಫೈಲನ್ನು ಕಿಟಕಿಯ ಸರಳುಗಳ ನಡುವೆ ತೂರಿಸಿ ಸೀಟಿನ ಮೇಲೆ ಬಿಟ್ಟಿತು.

ಸೀಟು ಸಿಕ್ಕ ಸಮಾಧಾನದಲ್ಲಿ ಬಾಗಿಲಿಗೆ ಬಂದರೆ ಒಬ್ಬ ಹೆಣ್ಣುಮಗಳು ಅಡ್ಡ ಕೈ ಹಿಡಿದಳು. "ಏ ಭಾವೂ, ಲೇಡೀಸ್ ಡಬ್ಬಾ ಹೈ!" ಆಗ ತಲೆಯೆತ್ತಿ ನೋಡಿದೆ. ಒಳಗೆ ಒಬ್ಬ ಗಂಡಸೂ ಇರಲಿಲ್ಲ. ರೈಲು ಅಲುಗಾಡಿತು. ನಾನು ಪಕ್ಕದ ಡಬ್ಬಿಗೆ ಹಾರಿದೆ.

ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಹೋಗಲು ದಾರಿಯಿಲ್ಲ, ನಡುವೆ ಒಂದು ಕಬ್ಬಿಣದ ಜಾಳಿಗೆ ಮಾತ್ರ. ನಾನು ಅದಕ್ಕೆ ಮುಖ ಒತ್ತಿ ನಿಂತೆ. ಆ ಫೈಲು ಸಿಗದಿದ್ದರೆ ನಾನು ಏರ್‌ಪೋರ್ಟಿನ ಒಳಗೆ ಹೋಗುವಂತಿಲ್ಲ, ಅಕ್ಕ ವಿಮಾನ ಹತ್ತುವಂತಿಲ್ಲ, ಜೋಧಪುರದಲ್ಲಿ ಶೈಲಾ ಇಂದೋ ನಾಳೆಯೋ ಎಂದು ದಾರಿ ನೋಡುತ್ತಿದ್ದಾಳೆ. ಜಾಳಿಗೆಯ ಆಚೆ ಕನ್ನಡಕ ಹಾಕಿದ ಒಬ್ಬಾಕೆ ಫೈಲು ತೆರೆದು ಮೇಲಿನ ಕಾಗದ ಓದಿ, "ಗೌರವ್ವ ಕೌನ್ ಹೈ?" ಎಂದು ಕೂಗಿದಳು. ಯಾರೂ ಓಗೊಡಲಿಲ್ಲ. ನಿಂತಿದ್ದ ಒಬ್ಬಳು ಆ ಸೀಟಿನಲ್ಲಿ ಕೂಡಲು ಹೋದಳು. ಕನ್ನಡಕದಾಕೆ ಬಿಡಲಿಲ್ಲ, ಗೌರವ್ವ ಇಲ್ಲೇ ಎಲ್ಲೋ ಇದ್ದಾಳೆ, ಬರುತ್ತಾಳೆ ಎಂದಳು. ಇಷ್ಟು ಗದ್ದಲದ ರೈಲಿನಲ್ಲಿ, ಎರಡು ಸ್ಟೇಷನ್ನಿನವರೆಗೆ, ನನ್ನ ಅಕ್ಕನ ಸೀಟು ಖಾಲಿಯೇ ಹೋಯಿತು.

"ಮೇರಾ ಹೈ, ಮೇರಾ ಹೈ!" ಎಂದು ನಾನು ಜಾಳಿಗೆ ಬಡಿದೆ.

ಕನ್ನಡಕದಾಕೆ ತಿರುಗಿ ನನ್ನ ಮೀಸೆ ನೋಡಿದಳು. "ತುಮ್ ಗೌರವ್ವ ಹೋ?"

"ನಹೀ ಜೀ, ಭಾಯಿ."

"ಗೌರವ್ವ ಕಹಾ ಹೈ?"

ಇಡೀ ಡಬ್ಬಿ ಉತ್ತರಕ್ಕೆ ಕಾಯುತ್ತಿತ್ತು. ಸಂತೆಯ ತರಕಾರಿ ಅಂಗಡಿಗಳಲ್ಲಿ ಕಲಿತ ನನ್ನ ಹಿಂದಿಯಲ್ಲಿ ಸುಳ್ಳು ಹೇಳುವಷ್ಟು ಶಬ್ದಗಳಿಲ್ಲ. ಇದ್ದದ್ದನ್ನೇ ಹೇಳಬೇಕಾಯಿತು. ಏರ್‌ಪೋರ್ಟಿನಲ್ಲಿ ಕೂತಿದ್ದಾಳೆ ಎಂದೆ. ಒಬ್ಬಳೇ? ಹೌದು. ಯಾವಾಗಿನಿಂದ? ಬೆಳಗಿನಿಂದ. ಮತ್ತೆ ನೀನು? ನಾನು ಸಮುದ್ರ ನೋಡಲು ಬಂದಿದ್ದೆ.

ಕನ್ನಡಕದಾಕೆ ಇಳಿಯುವುದು ದಾದರಿನಲ್ಲಿ. ಆಕೆ ಫೈಲನ್ನು ಪಕ್ಕದ ಹೂವಿನ ಬುಟ್ಟಿಯವಳ ಕೈಗೆ ಕೊಟ್ಟು, ಜೊತೆಗೆ ನನ್ನ ಕಥೆಯನ್ನೂ ಕೊಟ್ಟು ಇಳಿದಳು. ಹೂವಿನವಳು ಬಾಂದ್ರಾದಲ್ಲಿ ಇಳಿಯುವಾಗ ಎರಡನ್ನೂ ಒಬ್ಬ ಕಾಲೇಜು ಹುಡುಗಿಗೆ ಒಪ್ಪಿಸಿದಳು. ಪ್ರತಿ ಸಲವೂ ಹೊಸಬರು ಕಥೆ ಕೇಳಿ, ಎದ್ದು ಬಂದು, ಜಾಳಿಗೆಯಲ್ಲಿ ನನ್ನನ್ನು ಒಮ್ಮೆ ನೋಡಿ ಹೋಗುತ್ತಿದ್ದರು. ಕೈಯಿಂದ ಕೈಗೆ ಹೋಗುವಾಗ ಫೈಲು ಇದ್ದ ಹಾಗೇ ಇತ್ತು, ಕಥೆ ಬೆಳೆಯುತ್ತಿತ್ತು. ನನ್ನ ಕಿವಿಗೆ ಬಿದ್ದ ಕೊನೆಯ ರೂಪದಲ್ಲಿ ನಾನು ಹೆತ್ತ ತಾಯಿಯನ್ನು ಅನ್ನನೀರು ಕೊಡದೆ ವಿಮಾನದ ಹತ್ತಿರ ಬಿಟ್ಟು, ಸಮುದ್ರದಂಡೆಯಲ್ಲಿ ವಡಾಪಾವು ತಿಂದಿದ್ದೆ. ವಡಾಪಾವಿನ ವಿಷಯ ಅವರಿಗೆ ಹೇಗೆ ಗೊತ್ತಾಯಿತೋ ತಿಳಿಯದು. ಅಂಗಿಯ ಮೇಲೆ ಚಟ್ನಿ ಇದ್ದಿರಬೇಕು.

ಅಂಧೇರಿಯಲ್ಲಿ ಹುಡುಗಿ ಕಿಟಕಿಯಿಂದ ಫೈಲು ಚಾಚಿದಳು. ಹಿಡಿದೆ, ಆದರೆ ಅವಳು ಬಿಡಲಿಲ್ಲ. "ಉಸ್‌ನೇ ಖಾನಾ ಖಾಯಾ?" ಎಂದು ಕೇಳಿದಳು. ರೊಟ್ಟಿ ಬುತ್ತಿ ಅವಳ ಹತ್ತಿರವೇ ಇದೆ ಎಂದೆ. "ತುಮ್ಹಾರೇ ಬಿನಾ ಖಾಯೇಗೀ?" ಎಂದಳು, ನೀನಿಲ್ಲದೆ ಅವಳು ಉಣ್ಣುತ್ತಾಳೇನು ಎಂದು. ಅಕ್ಕನನ್ನು ಆಧಾರ್ ಕಾರ್ಡಿನ ಫೋಟೋದಲ್ಲಿ ಬಿಟ್ಟರೆ ಎಲ್ಲೂ ನೋಡದ ಹುಡುಗಿ ಅವಳು.

ಆಟೋದಲ್ಲಿ ಕೂತು ಗಟ್ಟಿ ನಿರ್ಧಾರ ಮಾಡಿದೆ: ಹೋದ ಕೂಡಲೇ ಎಲ್ಲವನ್ನೂ ಒಪ್ಪಿಕೊಳ್ಳುವುದು. ನಾಲ್ಕು ಗಂಟೆಗೆ ಒಳಗೆ ಹೋದರೆ ಅಕ್ಕ ಬೆಳಿಗ್ಗೆ ಬಿಟ್ಟ ಖುರ್ಚಿಯಲ್ಲೇ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಬುತ್ತಿಗಂಟಿನ ಗಂಟು ಬಿಚ್ಚಿರಲಿಲ್ಲ.

"ಬಂದ್ಯಾ? ಮಾರಿ ನೋಡು, ಹೆಂಗ ಬಾಡೇತಿ! ಇವರು ನಿನ್ನ ಎಷ್ಟು ಅಲೆದಾಡಿಸಿದ್ರಪಾ!" ಎಂದಳು. "ಇಲ್ಲೆ ಎಲ್ಲೆರ ರೈಲು ಕಾಣತೈತೇನು ಅಂತ ಆ ಗಾಜಿನ್ಯಾಗ ಹಣಿಕಿ ಹಾಕಿ ನೋಡಿದೆ. ಬರೇ ಇಮಾನ. ಹೋಗ್ಲಿ ಬಿಡು. ಕೆಲಸ ಆತಿಲ್ಲೋ?"

ಒಪ್ಪಿಕೊಳ್ಳಲು ಬಾಯಿ ತೆರೆದೆ. "ಆತಕ್ಕ, ಭಾಳ ತೊಂದ್ರಿ ಆತು" ಎಂದಿತು ಅದು. ಅಕ್ಕ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ಮೊದಲು ನನ್ನ ಕೈಗೆ ಕೊಟ್ಟಳು. ವಡಾಪಾವಿನ ಮೇಲೆ ನಾಲ್ಕು ರೊಟ್ಟಿ ತಿಂದೆ. ಅದು ನನಗಾದ ಮೊದಲ ಶಿಕ್ಷೆ.

ಶೈಲಾಳಿಗೆ ಹೆಣ್ಣು ಹುಟ್ಟಿತು, ಇಬ್ಬರೂ ಚೆನ್ನಾಗಿದ್ದಾರೆ. ಜೋಧಪುರದಲ್ಲಿ ಕೂಸು ನೋಡಲು ಬಂದವರಿಗೆಲ್ಲ ಅಕ್ಕ, ತಮ್ಮ ಟಿಕೆಟಿಗಾಗಿ ಮುಂಬೈಯಲ್ಲಿ ಇಡೀ ದಿನ ಓಡಾಡಿದ್ದನ್ನು ಹೇಳಿದಳು, ಊರಿಗೆ ಬಂದ ಮೇಲೆ ಓಣಿಯಲ್ಲೂ ಹೇಳಿದಳು. ಈಗ ಹತ್ತಿಮತ್ತೂರಿನ ಬೀಗರು ಕಾಶಿಗೆ ಹೋಗುವುದಕ್ಕೂ ನಾನೇ ಜೊತೆಗೆ ಬರಬೇಕು ಎನ್ನುತ್ತಿದ್ದಾರೆ. ಯಾರಾದರೂ ಹೊಗಳತೊಡಗಿದರೆ ಈಗ ನಾನು ಗಿರಣಿಯ ಕೆಲಸ ನೆನಪಾಯಿತೆಂದು ಎದ್ದುಬಿಡುತ್ತೇನೆ. ಅದಕ್ಕೇ ಇದನ್ನೆಲ್ಲ ಬರೆದೆ. ಅಚ್ಚಾಗುವ ಮೊದಲು ಅಕ್ಕ ಕೇಳಬೇಕು, ಅದು ಧರ್ಮ. ಅವಳಿಗೆ ಓದು ಬರುವುದಿಲ್ಲ. ಅವಳನ್ನು ಶಾಲೆಗೆ ಹಾಕುವ ವಯಸ್ಸಿಗೆ ಸರಿಯಾಗಿ ನಾನು ಹುಟ್ಟಿದೆ. ಅವ್ವ ಗದ್ದೆಗೆ ಹೋಗುವಾಗ ನನ್ನನ್ನು ಅವಳ ಸೊಂಟಕ್ಕೆ ಹಚ್ಚಿ ಹೋಗುತ್ತಿದ್ದಳು. ಅವಳ ಪಾಲಿನ ಶಾಲೆಯೂ ನನಗೇ ಬಂತು. ನಾನು ಅದನ್ನು ಏಳಕ್ಕೆ ನಿಲ್ಲಿಸಿದೆ.

ಮೊನ್ನೆ ಅವಳ ಕಟ್ಟೆಯ ಮೇಲೆ ಕೂತು ಓದತೊಡಗಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. "ಬೆಳಿಗ್ಗೆ ಎಂಟೂವರೆಗೆ ಮುಂಬೈಯಲ್ಲಿ ಇಳಿದೆವು" ಎಂಬಲ್ಲಿಯವರೆಗೆ ಬರೆದ ಹಾಗೇ ಓದಿದೆ. ಅಲ್ಲಿಂದ ಮುಂದೆ ಕಣ್ಣು ಕಾಗದದ ಮೇಲಿತ್ತು, ಬಾಯಿ ಬೇರೆ ದಾರಿ ಹಿಡಿಯಿತು. ಎರಡು ಕೌಂಟರು ತಿರುಗಿದೆ, ದಪ್ಪ ಮೀಸೆಯ ಸಾಹೇಬರು ಬಹಳ ಗೋಳಾಡಿಸಿದರು, ಕೊನೆಗೆ ಸಹಿ ಹಾಕಿದರು ಎಂದು ಓದಿ ಮುಗಿಸಿದೆ. ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಆ ಓಡಾಡಿದ್ದು ಇನ್ನೊಮ್ಮಿ ಓದಪಾ" ಎಂದಳು.

ಇನ್ನೊಮ್ಮೆ ಓದಿದೆ. ಅಕ್ಕಿಯ ಮೊರದಲ್ಲಿ ಆಡುತ್ತಿದ್ದ ಅವಳ ಕೈ ನಿಂತಿತು.

"ಆಗ ಎಲ್ಡು ಕೌಂಟರ್ ಇದ್ವು, ಈಗ ಮೂರಾದ್ವು. ಆಗ ಮೀಸಿ ಸಾಹೇಬ ಇದ್ದ, ಈಗ ಹೆಣ್ಮಗಳು ಸಹಿ ಹಾಕಿದ್ಲು." ಅವಳು ನನ್ನ ಕೈಯಲ್ಲಿದ್ದ ಹಾಳೆಯ ಕಡೆ ಬಗ್ಗಿ ನೋಡಿದಳು. "ನನಗ ಬರೂದಿಲ್ಲ ಖರೆ. ಆದ್ರ ಒಮ್ಮಿ ಬರದ ಮ್ಯಾಲೆ ಅಕ್ಷರ ಇದ್ದಲ್ಲೇ ಇರ್ತಾವು ಅಂತ ತಿಳಕೊಂಡಿದ್ದೆ ತಮ್ಮಾ. ಮೂರನೇ ಸಲ ಓದು, ನೋಡೂಣು ಎಲ್ಲಿಗೆ ಹೋಗ್ತಾವು."

ಮೊದಲನೆಯ ಸುಳ್ಳು ಅರ್ಧ ಮರೆತಿತ್ತು, ಎರಡನೆಯದು ಪೂರ್ತಿ ಮರೆತಿತ್ತು. ಮರೆಯುವ ಭಯವಿಲ್ಲದ್ದು ಕಾಗದದ ಮೇಲಿದ್ದದ್ದು ಒಂದೇ. ಅಕ್ಕ ಮೊರವನ್ನು ಪಕ್ಕಕ್ಕಿಟ್ಟು, ಕಾಲು ಚಾಚಿ, ಕೇಳಲು ಕೂತಳು. ನಾನು ಕನ್ನಡಕ ಒರೆಸಿ ಹಾಕಿಕೊಂಡು, ಬೇರೆ ಉಪಾಯವಿಲ್ಲದೆ, ಬರೆದದ್ದನ್ನು ಬರೆದ ಹಾಗೆ ಓದಲು ಶುರು ಮಾಡಿದೆ.