ಲೌಂಜಿಗೆ ಹೋದ ಅವರೆ

ಮಾಗಿಯ ಚಳಿಗೆ ಸೊಗಡಿನ ಅವರೆ ಇಳಿದಿತ್ತು. ಬೆಂಗಳೂರಿನ ಅಂಚಿನ ಉಲ್ಲಾಳದ ಆ ಬೀದಿಯಲ್ಲಿ ಬೆಳಗಾಗುವುದೇ ತಡ, ಹೆಂಗಸರು ಜಗಲಿಯ ಮೇಲೆ ಕೂತು ನೆನೆಸಿದ ಕಾಳು ಹಿತಕುತ್ತಿದ್ದರು. ಸಿಪ್ಪೆ ಬಿಟ್ಟ ಬೇಳೆಯನ್ನು ತೂಗಿಸಿಕೊಂಡು ಹೋಗಲು ಹತ್ತು ಗಂಟೆಗೆ ಟೆಂಪೋದ ರವಿಕುಮಾರ್ ಬರುತ್ತಿದ್ದ. ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ, "ದೊಡ್ಡೋರ ಅಡುಗೆಮನೆಗೆ ಕಣಕ್ಕ" ಎನ್ನುತ್ತಿದ್ದ.

ಹಿತಕುವುದರಲ್ಲಿ ಮುನಿತಾಯಮ್ಮನ ಕೈ ಮುಂದು. ಅವಳ ಗಂಡ ಬೈರಪ್ಪನದು ಸಿಮೆಂಟ್ ಅಂಗಡಿ. ಆ ವರ್ಷ ಹೆಚ್ಚು ಮೂಟೆ ಮಾರಿದ್ದಕ್ಕೆ ಕಂಪನಿಯವರು ನಾಲ್ಕು ದಿನದ ಬ್ಯಾಂಕಾಕ್ ಪ್ರವಾಸ ಕೊಟ್ಟಿದ್ದರು. ಬ್ಯಾಂಕಾಕ್ ಸುದ್ದಿ ಅವನು ಎತ್ತುತ್ತಲೇ ಇರಲಿಲ್ಲ. ತಿಂಗಳಿಂದ ಅವನ ಬಾಯಲ್ಲಿ ಇದ್ದದ್ದು ಏರ್‌ಪೋರ್ಟಿನ ಲೌಂಜು. ಬ್ಯಾಂಕಿನ ಕಾರ್ಡು ತೋರಿಸಿದರೆ ಸಾಕಂತೆ. ಮೆತ್ತನೆಯ ಸೋಫಾ, ಬಿಸಿನೀರ ಸ್ನಾನ, ಬೇಕಾದಷ್ಟು ಊಟ, ಎಲ್ಲ ಬಿಟ್ಟಿ.

ಹೊರಡುವ ದಿನ ಹೆಂಡತಿ ಮುದ್ದೆ, ಹಿತಕಿದ ಬೇಳೆ ಸಾರು ಇಟ್ಟಳು. ಬೈರಪ್ಪ ತಟ್ಟೆ ತಳ್ಳಿದ.

"ತೆಗಿಯೇ ಅತ್ಲಾಗೆ. ಹೊಟ್ಟೇಲಿ ಜಾಗ ಇಟ್ಕಂಡು ಹೋಗ್ಬೇಕು."

"ಬರಿ ಹೊಟ್ಟೇಲಿ ಯಾರಾದ್ರೂ ಊರಿಗೆ ಹೊರಡ್ತಾರಾ? ಎರಡು ತುತ್ತಾದ್ರೂ ತಿನ್ನಿ."

"ದನಕ್ಕೂ ಸಂಕ್ರಾಂತೀಲಿ ಸಿಹಿ ಪೊಂಗಲ್ ಸಿಗುತ್ತೆ. ನನ್ಗೆ ಇಪ್ಪತ್ತೈದು ವರ್ಷದಿಂದ ಇದೇ ಸಾರು."

ಎದುರುಮನೆಯ ಕಮಲಾಕ್ಷಮ್ಮ ದಾವಣಗೆರೆ ಕಡೆಯವರು. ಸುಮ್ಮನಿರುವ ಜನವಲ್ಲ. "ಏನ್ರೀ ಬೈರಪ್ಪಣ್ಣ, ಅಲ್ಲಿ ಊಟ ನಮ್ಮ ತಾಯಮ್ಮನ ಸಾರಿನಂಗೆ ಇರ್ತತೇನು?" ಎಂದರು.

ಬೈರಪ್ಪ ಬೀದಿಗೆಲ್ಲ ಕೇಳುವಂತೆ ಹೇಳಿದ: "ಇದಕ್ಕಿಂತ ಚೆನ್ನಾಗಿಲ್ದಿದ್ರೆ, ವಾಪಸ್ ಬಂದು ಈ ಜಗಲಿ ಮೇಲೇ ಕೂತು ಒಂದು ಮೂಟೆ ಅವರೆಕಾಯಿ ನಾನೇ ಸುಲ್ದು ಹಿತಕ್ತೀನಿ!"

ಪಕ್ಕದ ಜಗಲಿಯ ನಿವೃತ್ತ ಅಂಚೆ ಗುಮಾಸ್ತ ಸೇತುರಾಮ ಪೇಪರು ಮಡಚಿದರು. "ಬಾಯ್ಮಾತು ಬೇಡಪ್ಪ. ತಟ್ಟೆ ಫೋಟೋ ಬೀದಿ ವಾಟ್ಸಾಪ್ ಗ್ರೂಪಿಗೆ ಹಾಕು."

ಟ್ಯಾಕ್ಸಿ ಗೊರಗುಂಟೆಪಾಳ್ಯ ದಾಟುವಷ್ಟರಲ್ಲಿ ಬೈರಪ್ಪ ಹಸಿವಿಗೆ ಬೆಲ್ಟನ್ನು ಎರಡು ತೂತು ಬಿಗಿದಿದ್ದ. ಏರ್‌ಪೋರ್ಟಿನಲ್ಲಿ ಎಲ್ಲ ತಪಾಸಣೆ ಮುಗಿಸಿ ಲೌಂಜು ಹುಡುಕಿ ಹೋದರೆ, ಬಾಗಿಲ ಮುಂದೆ ರೇಷನ್ ಅಂಗಡಿಯನ್ನು ನಾಚಿಸುವ ಸಾಲು. ಬೂಟಿಗೆ ಹೊಳಪು, ಪೆಟ್ಟಿಗೆಗೆ ಗಾಲಿ, ಕಣ್ಣಲ್ಲಿ ಮಾತ್ರ ಬಿಟ್ಟಿ ಕೂಳಿನ ಆತುರ. ಕೋಟು ತೊಟ್ಟವನೊಬ್ಬ ಮುಂದೆ ನುಗ್ಗಲು ನೋಡಿದ. "ಸಾಲಲ್ಲಿ ಬನ್ನಿ ಸಾರ್, ನಾವೇನ್ ಮದ್ವೆಗ್ ಕರೀದೆ ಬಂದಿದೀವಾ?" ಎಂದು ಬೈರಪ್ಪ ಗದರಿಸಿದ.

ಮುಕ್ಕಾಲು ಗಂಟೆ ಕಳೆದು ಒಳಗೆ ಹೋದ. ಸೋಫಾಗಳಲ್ಲಿ ಜನ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಸ್ನಾನದ ಮನೆಗೆ ಬೇರೊಂದು ಸಾಲು. ಊಟದ ಪಾತ್ರೆಗಳು ಮಿಡತೆ ಬಿದ್ದ ಹೊಲದಂತೆ ಬೋಳು. ಒಂದರಲ್ಲಿ ಮಾತ್ರ ಏನೋ ಹಬೆಯಾಡುತ್ತಿತ್ತು. ಪಕ್ಕದ ಬೋರ್ಡಿನಲ್ಲಿ ದಪ್ಪ ಅಕ್ಷರ: ಹಿತಕಿದ ಬೇಳೆ ಸಾರು, ರಾಗಿ ಮುದ್ದೆ.

"ಸೀಸನ್ ಸ್ಪೆಷಲ್ ಸಾರ್," ಎಂದಳು ಬಡಿಸುವ ಹುಡುಗಿ. "ಫಾರಿನ್ನವ್ರೂ ಕೇಳಿ ಹಾಕಿಸ್ಕೋತಾರೆ. ಬೇಳೆ ಉಲ್ಲಾಳದಿಂದ ಬರುತ್ತೆ, ಅಲ್ಲಿ ಹೆಂಗಸ್ರು ಕೈಯಲ್ಲೇ ಹಿತಕಿ ಕಳಿಸ್ತಾರೆ."

ಬೈರಪ್ಪ ಆಚೀಚೆ ನೋಡಿ ತಟ್ಟೆ ಚಾಚಿದ. ಮುದ್ದೆ ನಿಂಬೆಕಾಯಿ ಗಾತ್ರ. ಸಾರು ಮುಖ ನೋಡಿಕೊಳ್ಳುವಷ್ಟು ತಿಳಿ. ಹಸಿವಿಗೆ ಎರಡು ಸಲ ಹಾಕಿಸಿಕೊಂಡು ನೆಕ್ಕಿದ. ಹೆಂಡತಿಯ ಕೈರುಚಿ ನೆನಪಾಗಿ ಇನ್ನಷ್ಟು ಹೊಟ್ಟೆ ಉರಿಯಿತು.

ಆದರೆ ಫೋಟೋ? ಪಕ್ಕದವನ ತಟ್ಟೆಯಲ್ಲಿ ಎರಡು ತುಂಡು ಕೇಕು, ದ್ರಾಕ್ಷಿ ಇದ್ದವು. ಅವನು ಕಾಫಿಗೆ ಎದ್ದದ್ದೇ ತಡ, ಬೈರಪ್ಪ ತಟ್ಟೆಯ ಚಿತ್ರ ಹೊಡೆದು, 'ಈಗಷ್ಟೇ ಶುರು' ಎಂದು ಗ್ರೂಪಿಗೆ ಹಾಕಿದ.

ಎರಡು ನಿಮಿಷಕ್ಕೆ ಸೇತುರಾಮರ ಉತ್ತರ ಬಂತು: 'ಕೇಕಿನ ಹಿಂದ್ಗಡೆ ಬೋರ್ಡು ದೊಡ್ಡದು ಮಾಡಿ ಓದಿದ್ವಿ.' ಅದರ ಬೆನ್ನಿಗೇ ಮುನಿತಾಯಮ್ಮನ ವಾಯ್ಸ್ ಮೆಸೇಜು: "ರವಿ ಹತ್ರ ಕೇಳ್ದೆ ಕಣ್ರೀ. ಅದು ನಮ್ಮದೇ ಬೇಳೆಯಂತೆ. ಮೂಟೆ ತರ್ಸಿಟ್ಟಿರ್ತೀನಿ, ನಿಧಾನಕ್ಕೆ ಬನ್ನಿ."

ಐದನೆಯ ದಿನ ಬೈರಪ್ಪ ಜಗಲಿಯ ಮೇಲೆ ಕೂತ. ಬೀದಿಯೆಲ್ಲ ನೋಡುತ್ತಿರಲು, ಎರಡು ದಿನ ಹೆಬ್ಬೆರಳು ನೊಂದು ಕಪ್ಪಾಗುವವರೆಗೆ ಸುಲಿದ, ಹಿತಕಿದ. ಮೂಟೆ ಮುಗಿಯಿತು. ಕೊಟ್ಟ ಮಾತು ತೀರಿತೆಂದು ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಟೆಂಪೋ ಬಂತು.

ರವಿಕುಮಾರ್ ಬೋಗುಣಿಗೆ ಕೈ ಹಾಕಿ, ನುಜ್ಜುಗುಜ್ಜಾದ ಬೇಳೆಯನ್ನು ಎತ್ತಿ ನೋಡಿ, ತಿರುಗಿ ಅಲ್ಲೇ ಸುರಿದ.

"ಇದು ಆಗಲ್ಲ ಅಣ್ಣ. ಇದನ್ನ ಲೌಂಜಿನೋರು ಒಳಕ್ಕೆ ಬಿಟ್ಕಳಲ್ಲ."

ಮುನಿತಾಯಮ್ಮ ಬೋಗುಣಿ ಒಳಗೆ ಒಯ್ದಳು. ಮುಂದಿನ ಹದಿನೈದು ದಿನ ಮನೆಯಲ್ಲಿ ಎರಡು ಹೊತ್ತೂ ಅದೇ ಸಾರು.