ನೂರಿಪ್ಪತ್ತು ಮನೆ, ಒಂದು ಹೊರೆ ಸೌದೆ

ತೊಂದರೆ ಶುರುವಾದದ್ದು ಸೊನ್ನೆಯಿಂದ. ಒಂದೋ ಎರಡೋ ಆಗಿದ್ದರೆ ಹೇಗೋ ನುಂಗಿಕೊಳ್ಳಬಹುದಿತ್ತು. ನೂರಿಪ್ಪತ್ತು ಸೊನ್ನೆಗಳು ಇರುವೆ ಮೊಟ್ಟೆಯ ಹಾಗೆ ಸಾಲಾಗಿ ಕೂತಿದ್ದವು.

ಕಾಡಂಚಿನ ಹಳ್ಳಿಯಲ್ಲಿ ನಾಲ್ಕು ತಿಂಗಳು ಮನೆಮನೆ ಅಲೆದು ಅವನು ತುಂಬಿಸಿದ ಪ್ರಶ್ನಾವಳಿಯ ಹದಿನೇಳನೆಯ ಪ್ರಶ್ನೆ ಹೀಗಿತ್ತು: ನಿಮ್ಮ ಮನೆಯವರು ವಾರಕ್ಕೆ ಎಷ್ಟು ಕಿಲೋ ಸೌದೆಯನ್ನು ಕಾಡಿನಿಂದ ತರುತ್ತಾರೆ? ನೂರಿಪ್ಪತ್ತು ಮನೆಯವರೂ ಮಾತಾಡಿಕೊಂಡವರಂತೆ, "ನಾವಾ? ಕಾಡಿಗಾ? ಆ ಕಡೆ ತಲೆ ಹಾಕಿಯೂ ಮಲಗಲ್ಲ" ಎಂದಿದ್ದರು. ಹಾಗೆಂದವರ ಬೆನ್ನ ಹಿಂದೆ ಒಲೆ ಧಗಧಗ ಉರಿಯುತ್ತಿತ್ತು.

ಅವನು ಸಂಶೋಧನಾ ಸಂಸ್ಥೆಯೊಂದರ ತಾತ್ಕಾಲಿಕ ಕ್ಷೇತ್ರ ಸಹಾಯಕ. ವಯಸ್ಸು ನಲವತ್ತೆರಡು, ತಾತ್ಕಾಲಿಕವಾಗಿ ಹದಿನಾಲ್ಕು ವರ್ಷ. ಜನ ಕೆರೆಯನ್ನು ಹೇಗೆ ಬಳಸುತ್ತಾರೆ, ಮೀನು ಎಷ್ಟು ಹಿಡಿಯುತ್ತಾರೆ, ಹುಲ್ಲು ಯಾರು ಕೊಯ್ಯುತ್ತಾರೆ ಎಂದು ಕೇಳಿ ಕೇಳಿಯೇ ಅವನ ತಲೆ ಬೋಳಾಗಿತ್ತು. ಪ್ರತಿ ಯೋಜನೆ ಮುಗಿದಾಗಲೂ ಅವನೂ ಮುಗಿಯುತ್ತಿದ್ದ. ಮತ್ತೊಂದು ಶುರುವಾಗುವ ತನಕ ಮನೆಯಲ್ಲಿ ಹೆಂಡತಿ ಗುಡಿಸುವಾಗ ಕಾಲೆತ್ತಿಕೊಂಡು ಕೂತಿರುತ್ತಿದ್ದ. ಹಳ್ಳಿಯವರು ಅವನಿಗೆ ಇಟ್ಟ ಹೆಸರು ಪಟ್ಟಿ ಸಾರ್.

ಆ ಬೆಳಿಗ್ಗೆ ನಿರ್ದೇಶಕರ ಫೋನು ಬಂತು.

"ಏನ್ರೀ, ನೂರಿಪ್ಪತ್ತು ಮನೆಯವರು ಬಿಸಿಲಲ್ಲಿ ಅಡುಗೆ ಮಾಡ್ತಾರಾ?"

"ಅವರು ಹೇಳಿದ್ದನ್ನೇ ಬರ್ದಿದ್ದೀನಿ ಸರ್."

"ಹೇಳಿದ್ದು ಬೇಡ, ತೂಗಿ. ಕಾಡಿಂದ ಒಂದು ಹೊರೆ ಹೊರಗೆ ಬಂತು ಅನ್ನೋದಕ್ಕೆ ಸಂಜೆಯೊಳಗೆ ಪುರಾವೆ ಬೇಕು. 'ಉಷ್ಣವಲಯದ ಕಾಡು ಮತ್ತು ಜನಜೀವನ' ವರದೀನ ನಾಳೆ ಸಮಿತಿ ಮುಂದೆ ಇಡಬೇಕು. ಪಾಸಾದ್ರೆ ಎರಡನೇ ಹಂತ ಐದು ವರ್ಷ. ಒಂದು ಕಾಯಂ ಹುದ್ದೇನೂ ಕೇಳಿದ್ದೀನಿ. ಅರ್ಥ ಆಯ್ತಲ್ಲ?"

ಅರ್ಥವಾಗದೆ ಏನು? ಕಾಯಂ ಎಂಬ ಮಾತು ಕಿವಿಗೆ ಬಿದ್ದದ್ದೇ ಅವನು ಚೀಲ ಹುಡುಕತೊಡಗಿದ. ಬಾಗಿಲಲ್ಲಿ ನಿಂತಿದ್ದ ಹೆಂಡತಿ, "ಈ ಸಲನೂ ಆಗ್ಲಿಲ್ಲ ಅಂದ್ರೆ ಬಂದು ಹೇಳೋದೇನೂ ಬೇಡ. ಸುಮ್ನೆ ಊಟಕ್ಕೆ ಕೂತ್ಕೊಳ್ಳಿ" ಎಂದಳು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಕೊಕ್ಕೆಯ ತಕ್ಕಡಿಯನ್ನು ಚೀಲಕ್ಕೆ ಹಾಕಿಕೊಂಡು ಅವನು ಹಳ್ಳಿಯ ಬಸ್ ನಿಲ್ದಾಣದಲ್ಲಿ ಇಳಿದ. ಅಲ್ಲಿನ ಟೀ ಅಂಗಡಿಯವನಿಗೆ ಊರಿನ ಗುಟ್ಟೆಲ್ಲ ಗೊತ್ತು. ಅವನೆದುರು ಪಟ್ಟಿ ಸಾರ್ ನಾಚಿಕೆ ಬಿಟ್ಟು ಕೇಳಿಯೇಬಿಟ್ಟ: "ಯಾಕಪ್ಪಾ ಎಲ್ಲರೂ ನನಗೆ ಸುಳ್ಳು ಹೇಳ್ತೀರಿ?"

ಅಂಗಡಿಯವನು ಲೋಟ ತೊಳೆಯುತ್ತಲೇ ಹೇಳಿದ. "ನಿಮಗಿಂತ ಮುಂಚೆ ಒಬ್ರು ಬಂದು ಜೇನು ಎಷ್ಟು ತರ್ತೀರಿ ಅಂದ್ರು. ಪಾಪ, ಬಿಸಿಲಲ್ಲಿ ಬಂದವ್ರೆ ಅಂತ ನಿಜ ಹೇಳಿದ್ವಿ. ಆರು ತಿಂಗಳಲ್ಲಿ ಜೇನು ಬಂದ್ ಆಯ್ತು. ಆಮೇಲೆ ಇನ್ನೊಬ್ರು ಬಂದು ಬಿದಿರು ಕೇಳಿದ್ರು. ಬಿದಿರೂ ಹೋಯ್ತು. ಉಳಿದಿರೋದು ಸೌದೆ ಒಂದೇ. ನಿಮ್ಮ ಮೇಲೆ ನಮಗೇನೂ ಕೋಪ ಇಲ್ಲ ಸಾರ್. ಟೀ ಬೇಕಾದ್ರೆ ಇನ್ನೊಂದು ಕುಡೀರಿ. ಉತ್ತರ ಮಾತ್ರ ಇಲ್ಲ."

ಪಟ್ಟಿ ಸಾರ್ ಎದ್ದು ಕಾಡಿನ ದಾರಿ ಹಿಡಿದು, ಒಂದು ಪೊದೆಯ ಮರೆಯಲ್ಲಿ ಕೂತ. ಆದರೆ ಪಟ್ಟಿ ಸಾರ್ ಪೊದೆಯಲ್ಲಿ ಕೂತಿದ್ದಾರೆಂಬ ಸುದ್ದಿ ಅವನಿಗಿಂತ ಮೊದಲೇ ಕಾಡು ಸೇರಿತ್ತು. ಹೆಂಗಸರು ಕೈಬೀಸಿಕೊಂಡು ಬಂದರು, ನಕ್ಕರು, ಹೋದರು. ದಾರಿಯಲ್ಲೇ ಹೊರೆ ಇಳಿಸಿದ್ದ ಒಬ್ಬಳು ಅದನ್ನು ಕಾಲಿನಿಂದ ಸರಿಸಿ, "ಯಾರು ಬಿಟ್ಟೋಗವ್ರೋ, ಎಡವಿ ಬೀಳೋ ಹಾಗೆ" ಎಂದು ಮುಂದೆ ನಡೆದಳು.

ಮಧ್ಯಾಹ್ನ ದಾಟಿದ ಮೇಲೆ ಒಬ್ಬ ಅಜ್ಜಿ ಬಂದಳು. ಬಚ್ಚಿಡುವಷ್ಟು ಶಕ್ತಿಯೂ ಅವಳಲ್ಲಿರಲಿಲ್ಲ. ತಲೆಯ ಮೇಲಿನ ಹೊರೆಯಡಿ ಅವಳ ಕತ್ತು ಭುಜದೊಳಗೆ ಇಳಿದುಹೋಗಿತ್ತು.

"ಅಜ್ಜೀ, ಒಂದ್ಸಲ ತೂಗಿಕೊಡ್ತೀನಿ. ನಿಮ್ಮ ಹೆಸರು ಎಲ್ಲೂ ಬರಿಯಲ್ಲ. ದೇವರಾಣೆ."

"ತೂಗ್ಕೊಳ್ಳಪ್ಪಾ. ಹೊರೆ ಇಳಿಸೋರು ಸಿಕ್ಕಿದ್ರೆ ಸಾಕಾಗಿತ್ತು."

ಇಪ್ಪತ್ತೆರಡು ಕಿಲೋ. ಹದಿನಾಲ್ಕು ವರ್ಷದಲ್ಲಿ ಅವನು ಕಣ್ಣಾರೆ ಕಂಡ ಮೊದಲ ನಿಜವಾದ ಅಂಕಿ ಅದು. ಖುಷಿಯಲ್ಲಿ ಬರೆದುಕೊಂಡ. ಬರೆದ ಮೇಲೆ ಅಜ್ಜಿಯ ಕತ್ತಿನ ಕಡೆ ನೋಡಿದ, ಖುಷಿ ಇಳಿಯಿತು.

"ಊರ ಬಾಗಿಲ ತನಕ ನಾನು ಹೊರ್ತೀನಿ, ಬನ್ನಿ."

ಅಜ್ಜಿ ಎರಡನೆಯ ಮಾತಾಡದೆ ಬಟ್ಟೆಯ ಸಿಂಬಿಯನ್ನು ಅವನ ಬೋಳುತಲೆಯ ಮೇಲಿಟ್ಟು ಹೊರೆ ಹೊರಿಸಿದಳು. ನೂರು ಹೆಜ್ಜೆ ನಡೆದಿರಬೇಕು, ತಿರುವಿನಲ್ಲಿ ಬೈಕಿನ ಸದ್ದಾಯಿತು. ಇಷ್ಟು ಹೊತ್ತು ನರಳುತ್ತಿದ್ದ ಅಜ್ಜಿ ಮೊಲದ ಹಾಗೆ ನೆಗೆದು ಪೊದೆಯೊಳಗೆ ಮಾಯವಾದಳು. ಅವನಿಗೆ ಓಡಲೂ ಆಗಲಿಲ್ಲ, ಒಬ್ಬನೇ ಹೊರೆ ಇಳಿಸಲೂ ಬರಲಿಲ್ಲ. ದಾರಿ ಮಧ್ಯೆ ನೆಟ್ಟ ಕಲ್ಲಿನಂತೆ ನಿಂತ.

ಫಾರೆಸ್ಟ್ ಗಾರ್ಡು ಬೈಕು ನಿಲ್ಲಿಸಿ ಅವನ ಸುತ್ತ ಒಂದು ಸುತ್ತು ಬಂದ. "ಯಾರದ್ರೀ ಈ ಸೌದೆ?"

ಪಕ್ಕದ ಪೊದೆ ಉಸಿರು ಬಿಗಿಹಿಡಿದಂತಿತ್ತು. ಅವನು ಆಣೆ ಇಟ್ಟದ್ದು ಈಗಷ್ಟೇ. "ನನ್ನದೇ" ಎಂದ.

ಅರಣ್ಯ ಕಚೇರಿಯ ಮುಂದೆ ಅರ್ಧ ಊರು ಸೇರಿತು. ಸಂಸ್ಥೆಯ ಗುರುತಿನ ಚೀಟಿ ತೋರಿಸಿದರೆ ಗಾರ್ಡು, "ಓದಿದೋರೇ ಹಿಂಗ್ ಮಾಡಿದ್ರೆ" ಎಂದು ಅದನ್ನೂ ಪುರಾವೆಗೆ ಇಟ್ಟುಕೊಂಡ. ಎರಡು ವರ್ಷದಿಂದ ಒಂದು ಕೇಸೂ ಹಿಡಿದಿಲ್ಲವೆಂದು ಅವನಿಗೆ ನೋಟಿಸು ಬಂದಿತ್ತಂತೆ. ಕೇಸು ಬರೆಯುವಾಗ ಅವನ ಕೈಬರಹ ಅಷ್ಟು ಚೆಂದವಾಗಿ ಬಂದದ್ದು ಅದಕ್ಕೇ. ಸಾಕ್ಷಿಗೆ ಟೀ ಅಂಗಡಿಯವನನ್ನು ಕರೆದರು.

"ನಾಲ್ಕು ತಿಂಗಳಿಂದ ದಿನಾ ಚೀಲ ಹಿಡ್ಕೊಂಡು ಬರ್ತಿದ್ರು" ಎಂದ ಅವನು, ಪಟ್ಟಿ ಸಾರ್ ಮುಖ ನೋಡದೆ. "ಒಳಗೇನಿತ್ತು ನಾವು ಕೇಳ್ಲಿಲ್ಲ. ಕೇಳೋದು ಅವರ ಕೆಲಸ."

ರುಜು ಹಾಕಿಸಿಕೊಂಡು ಕೇಸಿನ ನಕಲು ಕೊಟ್ಟರು. ಪಟ್ಟಿ ಸಾರ್ ಅದರ ಫೋಟೋ ತೆಗೆದು ನಿರ್ದೇಶಕರಿಗೆ ಕಳಿಸಿ, ನಡೆದದ್ದನ್ನೆಲ್ಲ ಫೋನಿನಲ್ಲಿ ಹೇಳಿದ. ನಿರ್ದೇಶಕರು ಕೊನೆಯವರೆಗೆ ಕೇಳಲೇ ಇಲ್ಲ. "ಸರ್ಕಾರಿ ಮುದ್ರೆ ಇದೆಯಲ್ರೀ. ಇದಕ್ಕಿಂತ ಪುರಾವೆ ಬೇಕಾ? ನೀವು ಮನೆಗೆ ಹೋಗಿ."

ಮರುದಿನ ಸಂಜೆ ಅವರೇ ಫೋನ್ ಮಾಡಿದರು. ದನಿಯಲ್ಲಿ ಬೆಲ್ಲ ಕರಗುತ್ತಿತ್ತು.

"ವರದಿ ಪಾಸಾಯ್ತು. ಊರಿನವರು ಸೌದೆ ಮುಟ್ಟೋದೇ ಇಲ್ಲ ಅನ್ನೋದಕ್ಕೆ ನೂರಿಪ್ಪತ್ತು ಮನೆ ಅಂಕಿ. ಕಾಡಿಗೆ ಅಪಾಯ ಹೊರಗಿನವರಿಂದ ಅನ್ನೋದಕ್ಕೆ ನಿಮ್ಮ ಕೇಸು. ಸಮಿತಿ ತಲೆದೂಗಿಬಿಡ್ತು. ಕಾಡನ್ನ ಊರಿನವರ ಕೈಗೇ ಬಿಡೋದು, ಹೊರಗಿನವರು ಕಾಡಿಗೂ ಊರಿಗೂ ಕಾಲಿಡಬಾರದು ಅಂತ ತೀರ್ಮಾನ."

"ಎರಡನೇ ಹಂತ ಸರ್?"

"ಐದು ವರ್ಷ ಮಂಜೂರು. ಕಾಯಂ ಹುದ್ದೇನೂ ಮಂಜೂರು."

ಅವನು ಹೆಂಡತಿಗೆ ಬಾ ಎಂದು ಕೈಬೀಸಿದ.

"ಆದ್ರೆ ಹೊರಗಿನವರು ಹೋಗೋ ಹಾಗಿಲ್ವಲ್ಲ, ಅದಕ್ಕೆ ಊರಿನವನನ್ನೇ ತಗೋಬೇಕಂತೆ. ಆ ಸಾಕ್ಷಿ ಹೇಳಿದ್ನಲ್ಲ ಟೀ ಅಂಗಡಿಯವ್ನು, ಅವನ್ನೇ ಆರಿಸಿದ್ದಾರೆ. ಪ್ರಶ್ನೆ ಹೇಗೆ ಕೇಳೋದು ಅಂತ ನೀವೇ ಎರಡು ದಿನ ಕಲಿಸಿಕೊಡಿ."

"ನಾನು ಊರೊಳಗೆ ಹೋಗೋ ಹಾಗಿಲ್ವಲ್ಲ ಸರ್."

"ಹೌದಲ್ವಾ. ಹಾಗಾದ್ರೆ ಬಸ್ಸಿಂದ ಇಳೀಬೇಡಿ. ಕಿಟಕಿ ಹತ್ರ ಕೂತು, ಬಸ್ಸು ನಿಂತಷ್ಟು ಹೊತ್ತು ಕಲಿಸಿ."

"ಆಯ್ತು ಸರ್" ಎಂದು ಅವನು ಫೋನ್ ಇಟ್ಟ. ಹದಿನಾಲ್ಕು ವರ್ಷದಲ್ಲಿ ಬೇರೆ ಉತ್ತರ ಅವನಿಗೆ ರೂಢಿಯಾಗಿರಲಿಲ್ಲ.